ಟ್ರ್ಯಾಕ್ಟರ್ ಯಾರದು, ಸಾಲ ಯಾರದು?

(ತಾಲ್ಲೂಕು ಮಟ್ಟದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳೆಯ ಬೆಲೆ, ಬ್ಯಾಂಕಿನ ಬಡ್ಡಿ, ಜಪ್ತಿ, ಇವುಗಳ ವಿಚಾರ ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ನಾನು ಮಾತಾಡಬೇಕು ಅಂತಿರೋದು ಮೋಟಾರು ವಾಹನ ಕಾನೂನಿನ ವಿಚಾರ. "ಇದು ಬಸ್ಸಿನವರ, ಲಾರಿಯವರ ಗೋಳು, ನಮಗ್ಯಾಕಪ್ಪಾ?" ಅಂತ ಕೆಲವರಿಗೆ ಅನ್ನಿಸಬಹುದು. ಹಾಗನ್ನಿಸಿದವರು ಊರಿಗೆ ಹೋದಮೇಲೆ ಒಂದು ಲೆಕ್ಕ ಹಾಕಿ. ನಿಮ್ಮೂರಲ್ಲಿ ಎಷ್ಟು ಟ್ರ್ಯಾಕ್ಟರ್ ಇವೆ? ಅದರಲ್ಲಿ ಸಾಲದ ಮೇಲೆ ಬಂದವು ಎಷ್ಟು? ಎಷ್ಟರ ಆರ್.ಸಿ. ಈಗ ಇಟ್ಟುಕೊಂಡಿರುವವನ ಹೆಸರಿನಲ್ಲಿದೆ? ಓಡಿಸುವ ಹುಡುಗರಲ್ಲಿ ಎಷ್ಟು ಜನರ ಜೇಬಿನಲ್ಲಿ ಸರಿಯಾದ ಲೈಸೆನ್ಸು ಇದೆ? ಈ ನಾಲ್ಕು ಲೆಕ್ಕ ಹಾಕಿದರೆ ಸಾಕು, ಇದು ನಮ್ಮ ಸಾಲದ ವಿಚಾರವೇ ಅಂತ ಗೊತ್ತಾಗುತ್ತದೆ.

ಶಾಸನ ಮಾಡುವವರು ಏನು ಚರ್ಚೆ ಮಾಡಿದರು?

ಮೋಟಾರು ವಾಹನ ಅನ್ನೋದು ನಮ್ಮ ಸಂವಿಧಾನದಲ್ಲಿ ಸಮವರ್ತಿ ಪಟ್ಟಿಗೆ ಸೇರಿದ್ದು. ಅಂದರೆ ಕೇಂದ್ರಕ್ಕೂ ಅಧಿಕಾರವಿದೆ, ರಾಜ್ಯಕ್ಕೂ ಇದೆ. ಮೊದಲು 1939ರ ಕಾಯಿದೆ ಇತ್ತು. ಆಮೇಲೆ 1988ರ ಕಾಯಿದೆ ಬಂತು, 1989ರ ಜುಲೈ 1ರಿಂದ ಜಾರಿಯಾಯಿತು. ಅದಕ್ಕೆ ದೊಡ್ಡ ತಿದ್ದುಪಡಿ ತರಬೇಕೆಂದು 2016ರಲ್ಲಿ ಮಸೂದೆ ಮಂಡಿಸಿದರು. 2017ರ ಏಪ್ರಿಲ್‌ನಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು, ಅಲ್ಲಿಂದ ಬಂದಮೇಲೂ ಪಾಸಾಗದೆ 2019ರ ಚುನಾವಣೆ ಹೊತ್ತಿಗೆ ಬಿದ್ದುಹೋಯಿತು. ಹೊಸ ಲೋಕಸಭೆ ಬಂದಮೇಲೆ ಮತ್ತೆ ತಂದರು. 2019ರ ಜುಲೈ 31ರಂದು ರಾಜ್ಯಸಭೆಯಲ್ಲಿ 108 ಮತ ಪರ, 13 ವಿರೋಧ ಬಂದು ಪಾಸಾಯಿತು. ದಂಡದ ಕಲಮುಗಳು ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು.

ಸದನದ ಚರ್ಚೆಯಲ್ಲಿ ಜೋರಾಗಿ ಎದ್ದ ಪ್ರಶ್ನೆ ರಾಜ್ಯಗಳ ಅಧಿಕಾರದ್ದು. ಹೊಸ ವಾಹನದ ನೋಂದಣಿಗೆ ಮಾರುವ ಡೀಲರೇ ಅರ್ಜಿ ಹಾಕಬೇಕು, ವಾಹನವನ್ನು ಆರ್.ಟಿ.ಓ. ಕಚೇರಿ ಮುಂದೆ ತಂದು ನಿಲ್ಲಿಸಬೇಕಾಗಿಲ್ಲ ಎಂಬ ಬದಲಾವಣೆ ಬಂತು. ಸದನದ ಹೊರಗೆ ಗಲಾಟೆ ಎದ್ದದ್ದು ಮಾತ್ರ ದಂಡದ ಮೇಲೆ. ಜನ ಕೂಗಾಡಿದ ಮೇಲೆ ಗುಜರಾತು ಇಳಿಸಿತು, ಅದೇ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಇಳಿಸಿತು. ಹೆಲ್ಮೆಟ್ಟಿನ ದಂಡ 1000 ಇದ್ದದ್ದು 500 ಆಯಿತು.

ದಂಡ ಇಳಿದದ್ದು ಒಳ್ಳೆಯದೇ. ಆದರೆ ದಂಡ ಒಂದು ದಿನದ ನೋವು. ಹತ್ತು ವರ್ಷ ಕಾಡುವ ನೋವು ಬೇರೆ ಎರಡು ಕಡೆ ಕೂತಿದೆ. ಒಂದು, ವಾಹನದ ಒಡೆತನದ ಕಾಗದ. ಇನ್ನೊಂದು, ಓಡಿಸೋದು ಕಲಿಸುವ ಶಾಲೆ. ಇವೆರಡರ ಬಗ್ಗೆ ಹಳ್ಳಿಯವನ ಕಡೆಯಿಂದ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಹಗ್ಗ ಕೊಟ್ಟರೆ ವ್ಯಾಪಾರ ಮುಗಿಯೋದಿಲ್ಲ

ಜಾತ್ರೆಯಲ್ಲಿ ಎತ್ತು ಮಾರ್ತೇವೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸ್ತೇವೆ, ದುಡ್ಡು ಎಣಿಸಿಕೊಳ್ತೇವೆ, ಹಗ್ಗ ಕೈ ಬದಲಾಯಿಸುತ್ತದೆ. ಅಲ್ಲಿಗೆ ಆ ಎತ್ತು ಯಾರಿಗೆ ಹಾಯ್ದರೂ ನಮ್ಮ ಜವಾಬ್ದಾರಿ ಇಲ್ಲ. ಟ್ರ್ಯಾಕ್ಟರನ್ನೂ ನಮ್ಮವರು ಹಾಗೇ ಮಾರ್ತಾರೆ. ಒಂದು ಛಾಪಾ ಕಾಗದದ ಮೇಲೆ ಬರೆದುಕೊಂಡು, ಇಬ್ಬರು ಸಾಕ್ಷಿ ಹಾಕಿಸಿ, ಕೀಲಿಕೈ ಕೊಟ್ಟುಬಿಡ್ತಾರೆ. ಕಾನೂನು ಇದನ್ನು ಒಪ್ಪೋದಿಲ್ಲ.

ಹೊಲಕ್ಕೆ ಪಹಣಿ ಹೇಗೋ ವಾಹನಕ್ಕೆ ಆರ್.ಸಿ. ಹಾಗೆ. ಮಾರಿದವನು ರಾಜ್ಯದೊಳಗೇ ಮಾರಿದ್ದರೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ತಿಳಿಸಬೇಕು. ಅದಕ್ಕೆ ನಮೂನೆ 29, ನಮೂನೆ 30 ಅಂತ ಇವೆ. ಇದು ಆಗದೇ ಇದ್ದರೆ ಏನಾಗ್ತದೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಒಬ್ಬಾತ 2007ರಲ್ಲಿ ಕಾರು ಮಾರಿದ್ದ. ಅದು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತವಾಯಿತು. ಆರ್.ಸಿ. ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಪರಿಹಾರಕ್ಕೂ ಅವನೇ ಹೊಣೆ ಎಂದು ಕೋರ್ಟು ಹೇಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಿಮಗೆ ಅನ್ನಿಸಬಹುದು. ಆದರೆ ಕೋರ್ಟಿನ ಮಾತಿನಲ್ಲೂ ನ್ಯಾಯ ಇದೆ. ಸತ್ತವನ ಹೆಂಡತಿ ಮಕ್ಕಳು ಆ ಗಾಡಿ ಯಾರ್ಯಾರ ಕೈ ದಾಟಿತು ಅಂತ ಊರೂರು ಹುಡುಕಿಕೊಂಡು ಹೋಗಬೇಕೇ?

ತಂದೆ ತೀರಿಕೊಂಡು ವರ್ಷಗಳಾದರೂ ಟ್ರ್ಯಾಕ್ಟರು ತಂದೆ ಹೆಸರಿನಲ್ಲೇ ಇರೋ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಿಯಮದ ಪ್ರಕಾರ 30 ದಿನದಲ್ಲಿ ತಿಳಿಸಿ, ಮೂರು ತಿಂಗಳಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. 2021ರಿಂದ ಆರ್.ಸಿ.ಯಲ್ಲೇ ನಾಮಿನಿ ಹೆಸರು ಬರೆಸುವ ಅವಕಾಶ ಬಂದಿದೆ. ಬದುಕಿರುವಾಗಲೇ ಬರೆಸಿಟ್ಟರೆ ಅಣ್ಣತಮ್ಮಂದಿರ ತಕರಾರು ಒಂದಾದರೂ ಕಮ್ಮಿಯಾದೀತು.

ಸಾಲ ತೀರಿದರೂ ಕಾಗದದಲ್ಲಿ ತೀರಿಲ್ಲ

ಈಗ ಸಾಲದ ಮಾತಿಗೆ ಬರೋಣ. ಸಾಲದಲ್ಲಿ ತಂದ ಟ್ರ್ಯಾಕ್ಟರಿನ ಆರ್.ಸಿ. ಮೇಲೆ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರು ಇರುತ್ತದೆ. ಅದಕ್ಕೆ ಹೈಪಾಥಿಕೇಶನ್ ಅಂತಾರೆ. ಪಹಣಿಯ ಋಣದ ಕಾಲಂನಲ್ಲಿ ಸೊಸೈಟಿ ಸಾಲ ಬರೆದ ಹಾಗೆ ಅಂದುಕೊಳ್ಳಿ. ಸಾಲ ಕೊಟ್ಟವರ ಒಪ್ಪಿಗೆ ಇಲ್ಲದೆ ಆ ವಾಹನ ಇನ್ನೊಬ್ಬರ ಹೆಸರಿಗೆ ಹೋಗೋದಿಲ್ಲ. ಕೊನೆಯ ಕಂತು ಕಟ್ಟಿದ ಕೂಡಲೇ ಆ ಹೆಸರು ತಾನಾಗಿ ಅಳಿಸಿಹೋಗ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಳಿಸೋದಿಲ್ಲ. ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ, ಅವರ ಸಹಿ ಇರುವ ನಮೂನೆ 35 ತೆಗೆದುಕೊಂಡು ಆರ್.ಟಿ.ಓ.ಗೆ ಕೊಟ್ಟಾಗಲೇ ಅದು ಹೋಗುವುದು.

ಕರಾರು ಓದದೆ ಸಹಿ ಹಾಕಬೇಡಿ. ಸಾಲ ಕೊಟ್ಟು ವಾಹನವನ್ನು ಆಧಾರ ಮಾಡಿಕೊಳ್ಳುವುದು ಒಂದು. ಬಾಡಿಗೆ-ಖರೀದಿ ಕರಾರು ಇನ್ನೊಂದು. ಬಾಡಿಗೆ-ಖರೀದಿಯಲ್ಲಿ ಕೊನೆಯ ಕಂತು ಕಟ್ಟುವ ತನಕ ಕಂಪನಿಯೇ ಒಡೆಯ, ನೀವು ಬಾಡಿಗೆದಾರರು. 2020ರಲ್ಲೂ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ.

ಕಂತು ತಪ್ಪಿದರೆ ಏನು? ಕಾಯಿದೆಯ 51ನೇ ಕಲಮಿನ ಪ್ರಕಾರ, ಕಂತು ತಪ್ಪಿದ್ದಕ್ಕೆ ವಾಹನ ವಶ ಮಾಡಿಕೊಂಡ ಸಾಲಗಾರ ಸಂಸ್ಥೆ, ರೈತ ಆರ್.ಸಿ. ಕೊಡದಿದ್ದರೆ ತನ್ನ ಹೆಸರಿಗೆ ಹೊಸ ಆರ್.ಸಿ. ಕೇಳಬಹುದು. ಆದರೆ ಅದಕ್ಕೆ ಮುಂಚೆ ಆರ್.ಟಿ.ಓ. ನಿಮಗೆ ರಿಜಿಸ್ಟರ್ ಅಂಚೆಯಲ್ಲಿ ನೋಟಿಸು ಕಳಿಸಿ ನಿಮ್ಮ ಮಾತು ಕೇಳಬೇಕು. ಆ ನೋಟಿಸು ಬರುವುದು ಆರ್.ಸಿ.ಯಲ್ಲಿ ಬರೆದ ವಿಳಾಸಕ್ಕೆ. ಹಳೇ ಊರಿನ ವಿಳಾಸ ಇದ್ದರೆ ನೋಟಿಸು ಅಲ್ಲಿಗೇ ಹೋಗಿ ವಾಪಸಾಗುತ್ತದೆ, ನಿಮ್ಮ ಹಕ್ಕು ಅಂಚೆಚೀಲದಲ್ಲೇ ಸತ್ತುಹೋಗುತ್ತದೆ. ಆದ್ದರಿಂದ ವಿಳಾಸ ಬದಲಾದರೆ 30 ದಿನದಲ್ಲಿ ಬರೆಸಿ.

ಇನ್ನು ದಾಂಡಿಗರನ್ನು ಕಳಿಸಿ ಹೊಲದಲ್ಲಿ ನಿಂತ ಟ್ರ್ಯಾಕ್ಟರನ್ನು ಎಳೆದುಕೊಂಡು ಹೋಗುವ ಅಧಿಕಾರ ಯಾವ ಬ್ಯಾಂಕಿಗೂ ಇಲ್ಲ. ಸುಪ್ರೀಂ ಕೋರ್ಟು 2007ರಲ್ಲೇ ಈ ಮಾತು ಹೇಳಿದೆ. ಹೇಳಿದಮೇಲೂ 2022ರ ಸೆಪ್ಟೆಂಬರಿನಲ್ಲಿ ಜಾರ್ಖಂಡದ ಹಜಾರಿಬಾಗ್ ಜಿಲ್ಲೆಯಲ್ಲಿ ಏನಾಯಿತು? ವಸೂಲಿಯವರು ಟ್ರ್ಯಾಕ್ಟರ್ ಎಳೆದೊಯ್ಯುವಾಗ ರೈತನ ಗರ್ಭಿಣಿ ಮಗಳು ಅದರ ಚಕ್ರಕ್ಕೆ ಸಿಕ್ಕಿ ಸತ್ತಳು. ಆಮೇಲೆ ರಿಸರ್ವ್ ಬ್ಯಾಂಕು ಆ ಫೈನಾನ್ಸ್ ಕಂಪನಿಗೆ ಹೊರಗಿನ ಏಜೆಂಟರಿಂದ ವಸೂಲಿ ನಿಲ್ಲಿಸಿ ಎಂದು ಆಜ್ಞೆ ಮಾಡಿತು. ಮುಂದಿನ ಜನವರಿಯಲ್ಲಿ ಆ ತಡೆ ತೆಗೆದರು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಹೋದ ಜೀವ ಬರಲಿಲ್ಲ.

ಕಲಿಸದ ಶಾಲೆ, ತೀರಿಸುವ ರೈತ

ಎರಡನೆಯ ವಿಚಾರ, ಡ್ರೈವಿಂಗ್ ಶಾಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಓದಿದರೆ ಸಂತೋಷವಾಗ್ತದೆ. ಸಾಮಾನ್ಯ ವಾಹನ ಕಲಿಸಲು 21 ದಿನಕ್ಕೆ ಕಮ್ಮಿ ಇಲ್ಲದ ಪಾಠ, 10 ಗಂಟೆಗೆ ಕಮ್ಮಿ ಇಲ್ಲದೆ ಸ್ಟೇರಿಂಗ್ ಹಿಡಿಸಬೇಕು. ಕಲಿಯುವವನು ಎಷ್ಟು ಗಂಟೆ ಓಡಿಸಿದ ಎಂದು ನಮೂನೆ 15ರ ರಿಜಿಸ್ಟರಿನಲ್ಲಿ ಬರೆಯಬೇಕು. ಸಾರಿಗೆ ವಾಹನದ ಲೈಸೆನ್ಸಿಗೆ ಶಾಲೆಯ ನಮೂನೆ 5ರ ಸರ್ಟಿಫಿಕೇಟು ಬೇಕು. ತಪ್ಪು ಮಾಡಿದ ಶಾಲೆಯ ಪರವಾನಗಿ ತಡೆಹಿಡಿಯುವ, ರದ್ದು ಮಾಡುವ ಅಧಿಕಾರವೂ ಇದೆ. ಕಾಗದದ ಮೇಲೆ ಯಾವ ಕೊರತೆಯೂ ಇಲ್ಲ. ಪೂರ್ತಿ 21 ದಿನ ಕಲಿಸಿದರೇ ಅಂತ ನಿಮ್ಮ ಮಕ್ಕಳನ್ನೇ ಕೇಳಿ ನೋಡಿ.

2021ರ ಜುಲೈ 1ರಿಂದ ಇನ್ನೊಂದು ಏರ್ಪಾಡು ಬಂದಿದೆ. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು. ಲಘು ವಾಹನಕ್ಕೆ ನಾಲ್ಕು ವಾರದಲ್ಲಿ 29 ಗಂಟೆ, ಭಾರಿ ವಾಹನಕ್ಕೆ ಆರು ವಾರದಲ್ಲಿ 38 ಗಂಟೆ ಪಾಠ. ಅಲ್ಲಿ ಪಾಸಾದವನಿಗೆ ಆರ್.ಟಿ.ಓ. ಮುಂದೆ ಮತ್ತೆ ಓಡಿಸಿ ತೋರಿಸುವುದು ಬೇಡ. ಪಾಠ ಚೆನ್ನಾಗಿಯೇ ಇದೆ. ನಾನು ಕೇಳೋದು ಇಷ್ಟೇ: ಕಲಿಸುವವನೂ ಅವನೇ, ಪಾಸು ಮಾಡುವವನೂ ಅವನೇ ಆದಮೇಲೆ ಅವನನ್ನು ನೋಡುವವರು ಯಾರು? ಬಿಗಿ ತಪಾಸಣೆ ಇಲ್ಲದಿದ್ದರೆ ಇದು ಸರ್ಟಿಫಿಕೇಟಿನ ಅಂಗಡಿಯಾಗಲು ಎಷ್ಟು ದಿನ ಬೇಕು? ಇನ್ನೊಂದು ಮಾತು. ಸಣ್ಣ ವಾಹನದ ಕೇಂದ್ರಕ್ಕೇ ಒಂದು ಎಕರೆ ಜಾಗ ಬೇಕು, ದೊಡ್ಡದಕ್ಕೆ ಎರಡು ಎಕರೆ. ಓಡಿಸುವ ಪಥ, ಯಂತ್ರ ಎಲ್ಲ ಬೇಕು. ಇಷ್ಟು ಬಂಡವಾಳ ಹಾಕುವವನು ಹೋಬಳಿಗೆ ಬರ್ತಾನೋ, ಪೇಟೆ ಪಕ್ಕ ನಿಲ್ತಾನೋ, ನೀವೇ ಹೇಳಿ.

2019ರ ತಿದ್ದುಪಡಿ ಇನ್ನೊಂದು ಒಳ್ಳೆಯ ಮಾತು ಸೇರಿಸಿದೆ. ತಪ್ಪಿಗಾಗಿ ಲೈಸೆನ್ಸು ಕಳೆದುಕೊಂಡವನು ಮರುತರಬೇತಿ ಮುಗಿಸಿದ ಮೇಲೆಯೇ ಅದು ವಾಪಸು. ಈ ಮರುತರಬೇತಿಯೂ ದುಡ್ಡು ಕೊಟ್ಟು ಕಾಗದ ತರುವ ಕೆಲಸವಾದರೆ ಕೆಟ್ಟ ಚಾಲಕ ಕೆಟ್ಟ ಚಾಲಕನಾಗಿಯೇ ರಸ್ತೆಗೆ ಬರುತ್ತಾನೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಸರ್ಕಾರದ್ದೇ ಲೆಕ್ಕ.

ಶಾಲೆ ಕಲಿಸದಿದ್ದರೆ ನಷ್ಟ ಯಾರಿಗೆ? ಮೊದಲು ರಸ್ತೆಯಲ್ಲಿ ಬಿದ್ದವನಿಗೆ. ಆಮೇಲೆ ಟ್ರ್ಯಾಕ್ಟರಿನ ಒಡೆಯನಿಗೆ. ಚಾಲಕನ ಲೈಸೆನ್ಸು ಸರಿ ಇಲ್ಲದಿದ್ದರೆ ವಿಮೆ ಕಂಪನಿ ಮೊದಲು ಪರಿಹಾರ ಕಟ್ಟಿ, ಆಮೇಲೆ ಒಡೆಯನಿಂದ ವಸೂಲಿ ಮಾಡಲು ಕೋರ್ಟುಗಳು ಅನುಮತಿ ಕೊಡುತ್ತವೆ. ವಸೂಲಿ ಹೇಗೆ? ಕಾಯಿದೆಯ 174ನೇ ಕಲಮು ಓದಿ. ಪರಿಹಾರದ ಹಣವನ್ನು ಜಿಲ್ಲಾಧಿಕಾರಿಯವರ ಮೂಲಕ ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ಭೂಕಂದಾಯದ ಬಾಕಿ ಅಂದರೆ ಏನು ಅಂತ ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಉಳುವುದಕ್ಕೆ ತಂದ ಟ್ರ್ಯಾಕ್ಟರು ಉಳುವ ನೆಲವನ್ನೇ ನುಂಗಬಹುದು.

ಹದಿನಾಲ್ಕು ಹದಿನೈದರ ಮಗ ಟ್ರ್ಯಾಕ್ಟರ್ ಓಡಿಸ್ತಾನೆ ಅಂತ ಹೆಮ್ಮೆಪಡುವವರಿಗೆ ಒಂದು ಮಾತು. ಚಿಕ್ಕ ವಯಸ್ಸಿನವನು ರಸ್ತೆಗೆ ತಂದು ಅಪರಾಧ ಮಾಡಿದರೆ 199-ಎ ಕಲಮಿನಲ್ಲಿ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸಿಲ್ಲ.

ನಮ್ಮ ಪರವಾದ ತೀರ್ಪುಗಳೂ ಇವೆ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸು ಕೆಲಸಕ್ಕೆ ಬಾರದು ಅನ್ನೋ ವಾದವನ್ನು ಸುಪ್ರೀಂ ಕೋರ್ಟು 2001ರಲ್ಲೇ ತಳ್ಳಿಹಾಕಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠ, ಲಘು ವಾಹನದ ಲೈಸೆನ್ಸು ಇದ್ದವನು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದಿತು. ಚಾಲಕನ ಲೈಸೆನ್ಸು ನೋಡಿ, ಓಡಿಸಲು ಬರುತ್ತದೆಂದು ಪರೀಕ್ಷಿಸಿ ಇಟ್ಟುಕೊಂಡ ಒಡೆಯನಿಗೆ ಕೋರ್ಟಿನಲ್ಲಿ ರಕ್ಷಣೆ ಇದೆ. ವಿಮೆಯವರು ಹೆದರಿಸಿದ ಕೂಡಲೇ ಕೈಚೆಲ್ಲಬೇಡಿ.

ಮನೆಯಲ್ಲಿ ಮಾಡುವುದು, ಸರ್ಕಾರವನ್ನು ಕೇಳುವುದು

ಮನೆಗೆ ಹೋದ ಕೂಡಲೇ ಆರ್.ಸಿ. ತೆಗೆದು ನೋಡಿ. ಹೆಸರು ಯಾರದು, ವಿಳಾಸ ಸರಿಯೇ, ತೀರಿದ ಸಾಲದ ಗುರುತು ಇನ್ನೂ ಇದೆಯೇ ಪರೀಕ್ಷಿಸಿ. ಮಾರಿದ ವಾಹನವಿದ್ದರೆ ಖಾತೆ ಬದಲಾಗಿದೆಯೇ ವಿಚಾರಿಸಿ. ಟ್ರೇಲರಿಗೂ ಬೇರೆ ನೋಂದಣಿ, ವಿಮೆ ಬೇಕೆಂಬುದು ಮರೆಯಬೇಡಿ. ಚಾಲಕನ ಲೈಸೆನ್ಸಿನ ಒಂದು ಪ್ರತಿ ಮನೆಯಲ್ಲಿರಲಿ.

ಸರ್ಕಾರವನ್ನು, ನಮ್ಮ ಶಾಸಕರನ್ನು ಕೇಳುವುದು ನಾಲ್ಕು. ಒಂದು, ಸಾಲ ತೀರಿದ ಕೂಡಲೇ ಸಾಲ ಕೊಟ್ಟವರೇ ಆರ್.ಟಿ.ಓ.ಗೆ ತಿಳಿಸಿ ಋಣದ ಗುರುತು ಅಳಿಸಬೇಕು, ರೈತ ಅಲೆಯಬಾರದು. ಎರಡು, ಹೆಸರು ಬದಲಾವಣೆಗೆ ಆರ್.ಟಿ.ಓ. ಸಿಬ್ಬಂದಿ ವರ್ಷಕ್ಕೆ ಎರಡು ಸಲವಾದರೂ ಹೋಬಳಿಗೆ ಬರಬೇಕು. ಮೂರು, ಟ್ರ್ಯಾಕ್ಟರ್ ಓಡಿಸುವ ತರಬೇತಿ ಸರ್ಕಾರದ ಕಡೆಯಿಂದ ಹಳ್ಳಿಯ ಹುಡುಗರಿಗೆ ಹತ್ತಿರದಲ್ಲೇ ಸಿಗಬೇಕು. ನಾಲ್ಕು, ಡ್ರೈವಿಂಗ್ ಶಾಲೆಗಳ ತಪಾಸಣೆ ಎಷ್ಟಾಯಿತು, ಎಷ್ಟು ಪರವಾನಗಿ ರದ್ದಾಯಿತು ಎಂಬ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು.

ದಂಡದ ವಿಚಾರದಲ್ಲಿ ಜನ ಕೂಗಿದ್ದಕ್ಕೆ ಸರ್ಕಾರ ಮೂರು ವಾರದಲ್ಲಿ ಇಳಿಸಿತು. ಕೂಗಿದರೆ ಕೇಳಿಸುತ್ತದೆ ಅನ್ನೋದಕ್ಕೆ ಇದೇ ಸಾಕ್ಷಿ. ಮುಂದಿನ ಅಧಿವೇಶನಕ್ಕೆ ಮುಂಚೆ ಪ್ರತಿ ಊರಿನಿಂದ ಈ ನಾಲ್ಕು ಬೇಡಿಕೆಯ ಅರ್ಜಿ ನಿಮ್ಮ ಶಾಸಕರ ಕೈಗೆ ಹೋಗಲಿ. ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಆ ಕಾಗದವನ್ನೂ ಆರ್.ಸಿ. ಜೊತೆಗೇ ಜೋಪಾನವಾಗಿಡಿ.