ರೋಹಿಣಿ ಮಳಿ, ಅರಬ್ಬಿ ಸಮುದ್ರದ ಸುಳಿ



ರೋಹಿಣಿ ಮಳಿಗೆ ಹೆಸರು ಬಿತ್ತೂದು ಹಿರಿಯರ ಲೆಕ್ಕ. ಅದನ್ನು ನಾವು ಬಿಟ್ಟಿಲ್ಲ. ಆದರ ಮೇ ತಿಂಗಳು ಬಂತಂದ್ರ ಪಂಚಾಂಗದ ಜೋಡಿ ಮೊಬೈಲಿನ್ಯಾಗ ಹವಾಮಾನ ಇಲಾಖೆಯ ಉಪಗ್ರಹ ಚಿತ್ರಾನೂ ನೋಡತೀವಿ. ಅರಬ್ಬಿ ಸಮುದ್ರದಾಗ ಮೋಡ ಗುಂಡಗ ತಿರುಗಲಿಕ್ಕೆ ಹತ್ತಿದರ ಬಿತ್ತಿಗಿ ತಡೀತೀವಿ. ಚಂಡಮಾರುತವು ಸಮುದ್ರದ ತೇವವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅದು ಉತ್ತರಕ್ಕ ಸರಿದರ ನಮ್ಮ ಪಾಲಿಗೆ ಹೆಚ್ಚಾಗಿ ಬರೇ ಗಾಳಿ.

2023ರಲ್ಲಿ ಹೀಗೇ ಆಯಿತು. ಜೂನ್ 6ಕ್ಕ ಎದ್ದ ಬಿಪರ್‌ಜಾಯ್ 15ಕ್ಕ ಗುಜರಾತಿನ ಜಖೌ ಬಂದರದ ಹತ್ತಿರ ದಂಡೆ ಏರಿತು. ಕೇರಳಕ್ಕೆ ಮುಂಗಾರು 8ಕ್ಕ ಬಂದಿತ್ತು, ಕರ್ನಾಟಕಕ್ಕೆ ಮಾತ್ರ ಜೂನ್ ತಿಂಗಳ ಮಳೆ ಭಾಳ ಕಡಿಮೆ ಆಯಿತು. 'ಮುಂಗಾರು ಬಂತು' ಅಂತ ರೇಡಿಯೋ ಹೇಳಿದ್ದು ಸುಳ್ಳಲ್ಲ, ಆದರ ಅದು ಕೇರಳದ ಮಾತು, ಇಳಕಲ್ಲಿನದಲ್ಲ.

ನಾವು ವಿಜ್ಞಾನಿಗಳಲ್ಲ, ಜ್ಯೋತಿಷಿಗಳಂತೂ ಅಲ್ಲವೇ ಅಲ್ಲ. ಸಂಘದಿಂದ ಬೀಜ-ಗೊಬ್ಬರ ಒಯ್ಯೋರು "ಬಿತ್ತೂಣೇನ್ರಿ?" ಅಂತ ಕೇಳತಾರ. ಎರಿ ಹೊಲದಾಗ ತೇವ ಗೇಣುದ್ದ ಇಳಿದೈತೇನು ಅಗದು ನೋಡ್ರಿ ಅಂತೀವಿ. ಮ್ಯಾಲಿನ ಹಸಿಗೆ ಬಿತ್ತಿದ ಬೀಜ ಮೊಳತು ಒಣಗಬಹುದು, ಸಾಲ ಒಣಗೂದಿಲ್ಲ.

ಮುಂದಿನ ಮೇ 15ರಿಂದ ಸಂಘದ ಹಲಗಿ ಮ್ಯಾಲ ದಿನಾ ಮುಂಜಾನೆ ಸುಳಿ ಎಲ್ಲೈತಿ ಅಂತ ಬರೀತೀವಿ. ಓದಲಿಕ್ಕೆ ಬಾರದವರು ಕಾರ್ಯದರ್ಶಿಯವರನ್ನ ಕೇಳ್ರಿ.