ಉಸಿರಾಡುವ ಗಾಳಿಯಲ್ಲಿ ನಮ್ಮ ಪಾಲು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಪರಿಸರ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆಯುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪ ನಿಮ್ಮ ಊರಲ್ಲೂ ಉರಿಯುತ್ತಿದೆ. ಅದಕ್ಕೆ ಮೊದಲು ನಿಮಗೆಲ್ಲ ಅಭಿನಂದನೆಗಳು.

"ಸಾಲ, ಬೀಜ, ಗೊಬ್ಬರದ ಸಂಘಕ್ಕೂ ಗಾಳಿಗೂ ಏನ್ರಿ ಸಂಬಂಧ?" ಅಂತ ಕೆಲವರು ಕೇಳಿದರು. ಸಂಬಂಧ ಇದೆ. ನಿಮ್ಮ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಗಾಳಿಯೂ ಹಾಗೇ ಎಲ್ಲರಿಗೂ ಒಂದೇ ಆಗಿರಬೇಕಿತ್ತು. ಆಗಿಲ್ಲ. ಲಾಭ ಒಬ್ಬರ ಮನೆಗೆ, ಧೂಳು ಇನ್ನೊಬ್ಬರ ಎದೆಗೆ ಹೋಗುತ್ತಿದೆ. ಪರಿಸರ ನ್ಯಾಯ ಅಂದರೆ ಈ ಲೆಕ್ಕವನ್ನು ಸರಿ ಮಾಡುವುದು, ಅಷ್ಟೇ.

ನಮ್ಮ ಪಕ್ಕದ ಸಂಡೂರನ್ನೇ ನೋಡಿ. ಎರಡು ಸಾವಿರದ ಇಸವಿಯ ನಂತರ ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಬಂತು. ಸಂಡೂರು, ಹೊಸಪೇಟೆ, ಬಳ್ಳಾರಿ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ. ರಸ್ತೆ ಬದಿಯ ಬೆಳೆ, ಗಿಡ, ಮನೆ ಮಾಳಿಗೆ ಎಲ್ಲ ಕೆಂಪು. ಅದು ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ದೂರದ ಮಾತು ಅನ್ನಬೇಡಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ನಮ್ಮವರೇ. ಆ ಗಣಿಗಳಲ್ಲಿ ಕೂಲಿ ಮಾಡಿದವರಲ್ಲೂ, ಸಾಲ ಮಾಡಿ ಲಾರಿ ತಂದವರಲ್ಲೂ ನಮ್ಮವರಿದ್ದರು.

ಅದು ನಿಂತದ್ದು ಹೇಗೆ? ಬರೀ ಘೋಷಣೆಯಿಂದ ಅಲ್ಲ, ಲೆಕ್ಕದಿಂದ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ತನಿಖೆಗೆ ಅರಣ್ಯ ಅಧಿಕಾರಿ ಡಾ. ಯು.ವಿ. ಸಿಂಗ್ ಮತ್ತು ಅವರ ತಂಡದವರು ಪರ್ಮಿಟ್ಟು, ಬಂದರಿನ ದಾಖಲೆ, ಬ್ಯಾಂಕಿನ ಲೆಕ್ಕ ಎಲ್ಲ ಒಂದಕ್ಕೊಂದು ತಾಳೆ ಹಾಕಿದರು. 2006ರಿಂದ 2010ರ ನಡುವೆ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು 2011ರ ಜುಲೈ ತಿಂಗಳ ವರದಿ ಹೇಳಿತು. ಅದೇ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಕ್ರಮ ಮಾಡಿದ 'ಸಿ' ವರ್ಗದ ಗಣಿಗಳ ಗುತ್ತಿಗೆಯನ್ನು ರದ್ದು ಮಾಡಿ, ಉಳಿದವಕ್ಕೆ ಷರತ್ತು ಹಾಕಿತು.

ಆದರೆ ಇನ್ನೊಂದು ಮಾತೂ ಹೇಳಲೇಬೇಕು. ಗಣಿ ನಿಂತ ದಿನ ದೊಡ್ಡವರ ಒಲೆ ಆರಲಿಲ್ಲ. ಕೂಲಿಯವನ ಒಲೆ ಆರಿತು. ಲಾರಿ ಕಂತು ಕಟ್ಟಲಾಗದೆ ಎಷ್ಟೋ ಮನೆ ಮುರಿದವು. ಧೂಳು ತಿಂದವನೂ ಅವನೇ, ಧೂಳು ನಿಂತಾಗ ಅನ್ನ ಕಳಕೊಂಡವನೂ ಅವನೇ. ಹಾಗಾಗಿ ಶುದ್ಧ ಗಾಳಿ ಬೇಕು ಅನ್ನುವವರು ಕೂಲಿಯ ಮಾತನ್ನೂ ಜೊತೆಗೇ ಆಡಬೇಕು. ಇಲ್ಲದಿದ್ದರೆ ಅದು ಅರ್ಧ ನ್ಯಾಯ.

ಇನ್ನು ಗಾಳಿಯ ಅಳತೆ. ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಕಣವನ್ನು ಪಿಎಂ 2.5 ಅನ್ನುತ್ತಾರೆ. ಅದು ಮೂಗಿನಲ್ಲಿ ನಿಲ್ಲುವುದಿಲ್ಲ, ಸೀದಾ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 40 ಮೈಕ್ರೊಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ನಮ್ಮ ರಾಜ್ಯದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಹಳ್ಳಿಯವರ ಉಸಿರು ಈ ಲೆಕ್ಕಕ್ಕೆ ಬರಲೇ ಇಲ್ಲ.

ಹೊರಗಿನ ಧೂಳಿನಷ್ಟೇ ಕೆಟ್ಟದ್ದು ಒಳಗಿನ ಹೊಗೆ. ಸೌದೆ ಒಲೆ ಮುಂದೆ ಕೂತ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆಯೇ ಆಸ್ಟ್ರ ಒಲೆ ಮಾಡಿಕೊಟ್ಟರು. 2016ರ ನಂತರ ಉಜ್ವಲ ಯೋಜನೆಯ ಗ್ಯಾಸು ಬಂತು. ಆದರೂ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದೆ ಮತ್ತೆ ಸೌದೆಗೆ ಹೋದ ಮನೆಗಳಿವೆ.

ಹವಾಮಾನದ ಮಾತೂ ಇದೇ. ಲೋಕದಲ್ಲಿ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಬೇರೆ, ಬಿಸಿಲಿಗೆ ಶೇಂಗಾ ಒಣಗಿಸಿಕೊಂಡವರು ಬೇರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಶುದ್ಧ ಗಾಳಿ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆಯೂ ಹಕ್ಕೇ ಎಂದು 2024ರಲ್ಲಿ ಹೇಳಿದೆ. ಹಕ್ಕು ಇದೆ, ಕೇಳುವವರು ಬೇಕು.

ಸಂಘದಿಂದ ಏನು ಮಾಡಬಹುದು? ನಾಲ್ಕು ಮಾತು ಹೇಳುತ್ತೇನೆ.

ಒಂದು, ಸಾಲದ ಖಾತೆ ಬರೆಯುವ ಸಂಘ ಧೂಳಿನ ಖಾತೆಯನ್ನೂ ಇಡಲಿ. ಕ್ರಷರ್, ಭಟ್ಟಿ, ಲಾರಿಯಿಂದ ಯಾವ ದಿನ ಯಾರ ಹೊಲಕ್ಕೆ ಧೂಳು ಬಿತ್ತು, ಯಾರ ಮಗುವಿಗೆ ಕೆಮ್ಮು ಬಂತು, ತಾರೀಖು ಹಾಕಿ ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಾಯಿಮಾತಿನ ದೂರಿಗಿಂತ ಬರೆದ ಕಾಗದ ಮುಟ್ಟುತ್ತದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಇಸಕೊಳ್ಳಿ.

ಎರಡು, ದೊಡ್ಡ ಗಣಿ, ಕಾರ್ಖಾನೆ ಬರುವಾಗ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿರಬೇಕು, ನಡಾವಳಿಯನ್ನು ಸಭೆಯಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಊಟದ ಪೊಟ್ಟಣ ಇಸಕೊಂಡು ಬರಬೇಡ್ರಿ, ನಿಮ್ಮ ಮಾತು ನಡಾವಳಿಗೆ ಬಂತೋ ಇಲ್ಲವೋ ನೋಡಿಕೊಂಡು ಬನ್ನಿ.

ಮೂರು, 2015ರ ಕಾನೂನಿನಂತೆ ಗಣಿ ಮಾಲೀಕರು ಜಿಲ್ಲಾ ಖನಿಜ ನಿಧಿಗೆ ಹಣ ಕಟ್ಟುತ್ತಾರೆ. ಅದು ಗಣಿಯಿಂದ ತೊಂದರೆಗೊಳಗಾದ ಜನರ, ಊರುಗಳ ಹಣ. ಯಾವ ಊರಿಗೆ ಎಷ್ಟು ಬಂತು ಎಂದು ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ನಾಲ್ಕು, ಹೊಗೆ ಇಲ್ಲದ ಒಲೆಗೆ, ಗ್ಯಾಸು ತುಂಬಿಸಲಿಕ್ಕೆ ಸಣ್ಣ ಕೈಸಾಲ ಕೊಡಲು ಉಪನಿಯಮದಲ್ಲಿ ದಾರಿ ಇದ್ದರೆ ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿ. ಕೂಳೆ ಸುಡುವ ಬದಲು ಗೊಬ್ಬರ ಮಾಡುವ ರೈತನಿಗೂ ಸಂಘ ಬೆನ್ನಿಗೆ ನಿಲ್ಲಲಿ.

ಒಬ್ಬ ರೈತ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ಐನೂರು ಸದಸ್ಯರ ಠರಾವು ಮಲಗುವುದಿಲ್ಲ. ಸಹಕಾರ ಅನ್ನುವ ಮಾತಿಗೆ ಇರುವ ಬಲ ಅದೇ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ನಿಮ್ಮ ಸಂಘ ಸದಸ್ಯರ ಹಣದ ಲೆಕ್ಕದ ಜೊತೆಗೆ ಅವರ ಉಸಿರಿನ ಲೆಕ್ಕವನ್ನೂ ಕಾಯಲಿ ಎಂದು ಹಾರೈಸುತ್ತೇನೆ.