ಮನೆಯೊಳಗಿನ ಸ್ಟುಡಿಯೋದಲ್ಲಿ ಹಳತಾಗುವುದೇನು?



ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರಿಗೆ ಕೆಲವು ವರ್ಷಗಳಿಗೊಮ್ಮೆ ಒಂದು ಸಂಕಟ ಬರುತ್ತದೆ. ಕಂಪ್ಯೂಟರ್ ಏದುಸಿರು ಬಿಡುತ್ತಿರುತ್ತದೆ. ಹೊಸದನ್ನು ತಂದರೆ ಹಳೆಯ ಆಡಿಯೋ ಇಂಟರ್‌ಫೇಸ್ ಅದರ ಜೊತೆ ಕೆಲಸ ಮಾಡುವುದಿಲ್ಲ. ಮೈಕಿನ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ, ಅಂಕಿಗಳನ್ನು ಮತ್ತೆ ದನಿಯಾಗಿಸಿ ಹೆಡ್‌ಫೋನಿಗೆ ಕಳಿಸುವ ಪೆಟ್ಟಿಗೆ ಅದು. ಪೆಟ್ಟಿಗೆ ಗಟ್ಟಿಮುಟ್ಟಾಗಿಯೇ ಇರುತ್ತದೆ. ಹಾಗಾದರೆ ಹಳತಾದದ್ದು ಏನು?

ಸ್ವಲ್ಪ ಹಿಂದೆ ಹೋಗೋಣ. 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನ್ಯೂಜೆರ್ಸಿಯ ತಮ್ಮ ಮನೆಗೆ ಆಂಪೆಕ್ಸ್ ಕಂಪನಿಯ ಎಂಟು ಟ್ರ್ಯಾಕಿನ ಟೇಪ್ ಯಂತ್ರವನ್ನು ತರಿಸಿಕೊಂಡರು. ಬೆಲೆ 10,000 ಡಾಲರ್. ಅಂಥದ್ದು ಎಲ್ಲರ ಕೈಗೆಟುಕುವಂತಿರಲಿಲ್ಲ. ಬಾಗಿಲು ತೆರೆದದ್ದು 1979ರಲ್ಲಿ, ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೋ 144 ತಂದಾಗ. ಮಾಮೂಲಿ ಕ್ಯಾಸೆಟ್ಟಿನ ಎರಡೂ ಬದಿಗೆ ಮೀಸಲಾದ ನಾಲ್ಕು ಟ್ರ್ಯಾಕುಗಳನ್ನು ಅದು ಒಂದೇ ದಿಕ್ಕಿನಲ್ಲಿ, ದುಪ್ಪಟ್ಟು ವೇಗದಲ್ಲಿ ಬಳಸುತ್ತಿತ್ತು. 1982ರ ಆರಂಭದಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಕೂತು ಇದೇ ಯಂತ್ರದಲ್ಲಿ ಹಾಡಿದರು. ಬ್ಯಾಂಡಿಗೆ ತೋರಿಸುವ ಕರಡು ಎಂದುಕೊಂಡದ್ದೇ 'ನೆಬ್ರಾಸ್ಕಾ' ಆಲ್ಬಮ್ ಆಯಿತು. ಆ ಆಲ್ಬಮ್ ಕೇಳಿದ ಮೇಲೆ ಉಪಕರಣ ಬಡವಾಗಿದೆ ಎಂದು ಕೊರಗಲು ನನಗೆ ಮನಸ್ಸಾಗುವುದಿಲ್ಲ.

1983ರಲ್ಲಿ ವಾದ್ಯಗಳನ್ನೂ ಕಂಪ್ಯೂಟರನ್ನೂ ಬೆಸೆಯುವ ಮಿಡಿ ಬಂತು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ಪೋರ್ಟು ಹುಟ್ಟಿನಿಂದಲೇ ಇತ್ತು. ಆದರೆ ಆ ತಂತಿಯಲ್ಲಿ ಹರಿಯುತ್ತಿದ್ದುದು ಯಾವ ಸ್ವರ, ಎಷ್ಟು ಹೊತ್ತು ಎಂಬ ಸೂಚನೆಯಷ್ಟೇ. ನಿಜವಾದ ದನಿಗೆ ಬೇಕಾದ ಜಾಗವೇ ಬೇರೆ, ಸಿ.ಡಿ. ಗುಣಮಟ್ಟದ ಒಂದು ನಿಮಿಷ ಸ್ಟೀರಿಯೋಗೆ ಸುಮಾರು 10 ಮೆಗಾಬೈಟ್. 1991ರಲ್ಲಿ ಪ್ರೊ ಟೂಲ್ಸ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಂದಾಗ ಅದರಲ್ಲಿದ್ದುದು ನಾಲ್ಕೇ ಟ್ರ್ಯಾಕು.

ಆಮೇಲೆ ಎದುರಾದದ್ದು ತಡದ ಸಮಸ್ಯೆ. ಕಂಪ್ಯೂಟರ್ ದನಿಯನ್ನು ಬಫರ್ ಎಂಬ ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 256 ಮಾದರಿಗಳ ಒಂದು ಕಂತಿಗೆ ಸುಮಾರು 6 ಮಿಲಿಸೆಕೆಂಡ್ ಹಿಡಿಯುತ್ತದೆ. ಒಳಬರಲು ಒಂದು, ಹೊರಹೋಗಲು ಇನ್ನೊಂದು. ಹಾಡುವವರಿಗೆ ತಮ್ಮ ದನಿಯೇ ನಾಲ್ಕು ಮೀಟರ್ ಆಚೆಯಿಂದ ಬಂದಷ್ಟು ತಡ. ಕಂತನ್ನು ಚಿಕ್ಕದು ಮಾಡಿದರೆ ಹಳೆಯ ಪ್ರೊಸೆಸರ್ ಹಿಂದೆ ಬಿದ್ದು ಪಟಪಟ ಸದ್ದು ಬರುತ್ತದೆ. 1997ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ರೂಪಿಸಿದ, ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಕೊಂಡಿಯಾಗುವ ತಂತ್ರಾಂಶವಾದ ಆಸಿಯೋ ಡ್ರೈವರ್ ವಿಂಡೋಸಿನ ಬಳಸುದಾರಿಯನ್ನು ತಪ್ಪಿಸಿ ಈ ತಡವನ್ನು ತಗ್ಗಿಸಿತು.

2001ರಲ್ಲಿ ಮೋಟು 828 ಎಂಬ ಇಂಟರ್‌ಫೇಸ್ ಫೈರ್‌ವೈರ್ ತಂತಿಯ ಮೂಲಕ ಹಲವು ಚಾನಲ್‌ಗಳನ್ನು ಒಟ್ಟಿಗೆ ಸಾಗಿಸಿತು. ಆ ಕಾಲದ ಒಳ್ಳೆಯ ಪೆಟ್ಟಿಗೆಗಳೆಲ್ಲ ಅದೇ ತಂತಿ ಹಿಡಿದವು. ನಂತರ ಲ್ಯಾಪ್‌ಟಾಪುಗಳಿಂದ ಆ ಪೋರ್ಟು ಮಾಯವಾಯಿತು. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋದಲ್ಲಿ ಫೈರ್‌ವೈರಿಗೆ ಬೆಂಬಲವೇ ಇಲ್ಲ. ಆ ಪೆಟ್ಟಿಗೆಗಳ ಒಳಗಿನ, ಮೈಕಿನ ದನಿಯನ್ನು ಹಿಗ್ಗಿಸುವ ಪ್ರಿಆಂಪ್ ಇವತ್ತಿಗೂ ಸೊಗಸಾಗಿ ದುಡಿಯಬಲ್ಲದು, ತಂತಿಯ ಇನ್ನೊಂದು ತುದಿಗೆ ಜಾಗವಿಲ್ಲ ಅಷ್ಟೆ. ತಂತ್ರಾಂಶದ ಕಥೆಯೂ ಹೀಗೇ. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ, ರೆಕಾರ್ಡಿಂಗ್ ತಂತ್ರಾಂಶದೊಳಗೆ ಸೇರಿಕೊಂಡು ದನಿಯನ್ನು ತಿದ್ದುವ 32-ಬಿಟ್ ಪ್ಲಗಿನ್‌ಗಳನ್ನು ಕೈಬಿಟ್ಟಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ನಿಂತಿತು.

ಹಾಗಾಗಿ ಹಳತಾಗುವುದು ಬಹುಮಟ್ಟಿಗೆ ಕೊಂಡಿ: ಪೋರ್ಟು ಮತ್ತು ಡ್ರೈವರ್. ಹೊಸ ಪೆಟ್ಟಿಗೆ ಕೊಳ್ಳುವಾಗ ಅದು ಕ್ಲಾಸ್ ಕಂಪ್ಲಯಂಟ್ ಯುಎಸ್‌ಬಿ, ಅಂದರೆ ಕಂಪನಿಯದೇ ಡ್ರೈವರ್ ಬೇಡದ್ದು, ಹೌದೇ ಎಂದು ನಾನು ಮೊದಲು ನೋಡುವುದು ಈ ಕಾರಣಕ್ಕೇ. ಕಂಪನಿ ಡ್ರೈವರ್ ಬರೆಯುವುದನ್ನು ಬಿಟ್ಟರೂ ಅದು ಕೆಲಸ ಮಾಡುವ ಸಂಭವ ಹೆಚ್ಚು. ಒಬ್ಬರ ಹಾಡು, ಒಂದು ಗಿಟಾರಿಗೆ ಯುಎಸ್‌ಬಿ 2ರ ವೇಗ ಧಾರಾಳ ಸಾಕು.

ಹಳೆಯ ಕಂಪ್ಯೂಟರನ್ನು ಕಳಚುವ ಮುನ್ನ ಒಂದು ಕೆಲಸ ಮಾಡಿ. ಪ್ರತಿ ಹಾಡಿನ ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗುವಂತೆ ಬೇರೆ ಬೇರೆ ವೇವ್ ಫೈಲ್‌ಗಳಾಗಿ ಉಳಿಸಿಕೊಳ್ಳಿ. ಪ್ಲಗಿನ್ ಹಾಕಿದ್ದೊಂದು, ಹಾಕದ್ದೊಂದು. ವೇವ್ ಫೈಲ್ ಹುಟ್ಟಿದ್ದು 1991ರಲ್ಲಿ, ಈಗಲೂ ಯಾವ ರೆಕಾರ್ಡಿಂಗ್ ತಂತ್ರಾಂಶದಲ್ಲಾದರೂ ತೆರೆದುಕೊಳ್ಳುತ್ತದೆ.